ಹುಲ್ಲು ಸಾಕಲು ಹೋದದ್ದು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನಮ್ಮ ಮನೆಯಂಗಳದ ಲಾನು ಹಾಳಾದದ್ದಕ್ಕೆ ಹುಳು ಕಾರಣವಲ್ಲ, ಮಳೆ ಕಾರಣವಲ್ಲ, ನಮ್ಮಪ್ಪನ ಶಾಪವಂತೂ ಖಂಡಿತ ಅಲ್ಲ. ಕಾರಣ ನಾನು. ಹುಲ್ಲು ಕಿತ್ತ ಕೈ ಎರಡೂವರೆ ವರ್ಷದ ನನ್ನ ಮಗಳು ಸಿರಿಯದು, ಅದು ನಿಜ. ಆದರೆ ಆ ಕೈಗೆ ವಿದ್ಯೆ ಹೇಳಿಕೊಟ್ಟವನು ನಾನು. ವಿದ್ಯೆ ಹೇಳಿಕೊಟ್ಟು, ಶಿಷ್ಯೆ ಪರೀಕ್ಷೆ ಬರೆಯುತ್ತಿದ್ದ ಹೊತ್ತಿನಲ್ಲಿ ಎದುರಿಗೇ ಕುಳಿತು ನಿದ್ದೆ ಹೊಡೆದ ಮೇಷ್ಟರೂ ನಾನೇ.

ಬಾಳ್ಳುಪೇಟೆಯ ಆಸುಪಾಸಿನಲ್ಲಿ ಕಾಫಿ ಬೆಳೆಯುವವರ ಅರ್ಧ ಆಯುಸ್ಸು ಹುಲ್ಲು ಕೀಳುವುದರಲ್ಲೇ ಕಳೆದುಹೋಗುತ್ತದೆ. ಮಳೆ ಶುರುವಾಗುವ ಮೊದಲು ಒಂದು ಸಲ, ಮಳೆಯ ನಡುವೆ ಒಂದು ಸಲ, ಮಳೆ ನಿಂತ ಮೇಲೆ ಮತ್ತೊಂದು ಸಲ. ಎಷ್ಟು ಕಿತ್ತರೂ ಅದು ನೆಂಟರ ಹಾಗೆ, ಗೇಟಿನವರೆಗೆ ಹೋಗಿ ಏನೋ ಮರೆತವರಂತೆ ಹಿಂದಿರುಗುತ್ತದೆ. ಇಂಥ ಸೀಮೆಯಲ್ಲಿ ಹಾಸನದ ನರ್ಸರಿಯೊಂದರಿಂದ ಗಾಡಿಯಲ್ಲಿ ಹುಲ್ಲು ತರಿಸಿ, ಅದಕ್ಕೆ ನೀರು ಚಿಮುಕಿಸಿ, 'ಬಾಡಬೇಡಮ್ಮ' ಎಂದು ಸಮಾಧಾನ ಹೇಳಿದ ಮೊದಲ ಮನುಷ್ಯ ಬಹುಶಃ ನಾನೇ. ಸುದ್ದಿ ನನಗಿಂತ ಮೊದಲು ಬಾಳ್ಳುಪೇಟೆ ತಲುಪಿತ್ತು. ಟೀ ಅಂಗಡಿಯಲ್ಲಿ ಹಳೆಯ ಸಹಪಾಠಿಯೊಬ್ಬ ಕೈ ಹಿಡಿದು ನಿಲ್ಲಿಸಿ, "ಹುಲ್ಲನ್ನ ಗಾಡೀಲಿ ತರ್ಸ್‌ದ್ಯಂತೆ ಕಣೋ. ನಮ್ಮ ತೋಟದಾಗೆ ಎದೆಮಟ್ಟ ನಿಂತೈತೆ. ಬಂದು ಕಿತ್ಕಂಡ್ ಹೋಗಿದ್ರೆ ನಿಂಗೆ ಪುಣ್ಯ ಬರ್ತಿತ್ತಲ್ಲ ಮಾರಾಯ" ಅಂದ.

ಈ ಹುಚ್ಚು ಹಿಡಿದದ್ದು ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ. ಬಸ್ಸು ಹಾನುಬಾಳಿನ ದಾರಿಯಲ್ಲಿ ಒಂದು ತಿರುವು ತೆಗೆದುಕೊಳ್ಳುವಾಗ ಬೇಲಿಯ ಸಂದಿನಲ್ಲಿ ಒಂದು ಎಸ್ಟೇಟ್ ಬಂಗಲೆಯ ಮುಂದಿನ ಲಾನು ಕಾಣುತ್ತಿತ್ತು. ಕಾಣುತ್ತಿದ್ದದ್ದು ಮೂರು ಉಸಿರಿನಷ್ಟು ಹೊತ್ತು. ಮಂಜು ಅದರ ಮೇಲೆ ಮಲಗಿರುತ್ತಿತ್ತು, ನಡುವೆ ಒಂದು ಬಿಳಿ ಕುರ್ಚಿ, ಕುರ್ಚಿಯಲ್ಲಿ ಯಾರೂ ಇಲ್ಲ. ಆ ಕುರ್ಚಿ ನನಗಾಗಿಯೇ ಖಾಲಿ ಇದೆ ಎಂದು ಅಷ್ಟು ವರ್ಷ ನಂಬಿಕೊಂಡು ಬಂದೆ. ಕಿಟಕಿ ಪಕ್ಕದ ಸೀಟಿಗಾಗಿ ಎಷ್ಟೋ ಸಲ ಕಂಡಕ್ಟರ್ ದನಿಯಲ್ಲಿ "ಮುಂದಕ್ ನಡೀರಿ, ಮುಂದ್ ಖಾಲಿ ಐತೆ" ಎಂದು ಕೂಗಿ, ಜನ ಎದ್ದು ಮುಂದೆ ಹೋದಮೇಲೆ ಅವರ ಜಾಗದಲ್ಲಿ ಕೂತಿದ್ದೇನೆ. ನನಗಿರುವ ವಿದ್ಯೆ ಅದೊಂದೇ, ಯಾರ ದನಿ ಬೇಕಾದರೂ ಎತ್ತುತ್ತೇನೆ. ಗಣಪತಿ ಪೆಂಡಾಲಿನಲ್ಲಿ, ಮದುವೆ ಮನೆಯಲ್ಲಿ ಜನ ಕೇಳಿ ಮಾಡಿಸುತ್ತಾರೆ. ಮಿಕ್ಕ ದಿನ ಅಪ್ಪನ ಸಣ್ಣ ತೋಟದಲ್ಲಿ ಅಪ್ಪನ ಹಿಂದೆ ಅಪ್ಪನ ಹಾಗೇ ನಡೆಯುತ್ತಿರುತ್ತೇನೆ, ಅವರು ತಿರುಗಿ ನೋಡುವವರೆಗೆ.

ನಮ್ಮ ಅಂಗಳ ಲಾನಿಗೆಂದು ಹುಟ್ಟಿದ್ದಲ್ಲ. ಅದು ಕಾಫಿ ಒಣಗಿಸುವ ಮಣ್ಣಿನ ಕಣ. ಸ್ಟೋರ್ ಮುಂದೆ ಸಣ್ಣದೊಂದು ಸಿಮೆಂಟ್ ಕಣ ಇದ್ದರೂ ಅಪ್ಪನಿಗೆ ಇದೇ ಆಗಬೇಕು. ಪ್ರತಿ ವರ್ಷ ಮರದ ದಿಮ್ಮಸಿನಿಂದ ಬಡಿದು ಗಟ್ಟಿ ಮಾಡಿ, ಸಗಣಿ ಸಾರಿಸಿ, ಅದು ಮಣ್ಣೆಂಬುದನ್ನೇ ಮರೆತುಬಿಟ್ಟಿತ್ತು. ಹೋದ ಬೇಸಿಗೆಯಲ್ಲಿ ಸಿರಿ ಓಡುತ್ತಾ ಓಡುತ್ತಾ ಅದರ ಮೇಲೆ ಮುಗ್ಗರಿಸಿ ಗಲ್ಲ ಒಡೆದುಕೊಂಡಳು. ಸಕಲೇಶಪುರದ ಆಸ್ಪತ್ರೆಯಲ್ಲಿ ಹೊಲಿಗೆ ಹಾಕುವಾಗ ಅವಳು ಅತ್ತದ್ದಕ್ಕಿಂತ ನಾನು ಅತ್ತದ್ದು ಜೋರು ಎಂದು ನನ್ನ ಹೆಂಡತಿ ಸೌಮ್ಯ ಇವತ್ತಿಗೂ ಹೇಳುತ್ತಾಳೆ. ಮನೆಗೆ ಬಂದವಳೇ ಅಂಗಳದಲ್ಲಿ ನಿಂತು ಚಪ್ಪಲಿಯ ಹಿಮ್ಮಡಿಯಿಂದ ನೆಲವನ್ನು ಕುಟ್ಟಿ, "ರೀ, ಇದು ಕಲ್ಲು. ಮಗು ಬೀಳೋದನ್ನ ತಪ್ಸೋಕಾಗಲ್ಲ. ಬೀಳೋ ಜಾಗನಾದ್ರೂ ಮೆತ್ತಗೆ ಮಾಡಿ" ಅಂದಳು. ಇಷ್ಟು ದಿನ ಮಂಜಿನಲ್ಲಿ ಮಲಗಿದ್ದ ನನ್ನ ಲಾನು ಎದ್ದು ಕೂತಿತು. "ಮಳೆಗಾಲ ಮುಗಿಯೋದ್ರೊಳಗೆ ಇಲ್ಲಿ ಅವಳು ಬೇಕಂತಲೇ ಬೀಳ್ಬೇಕು, ಹಾಗ್ ಮಾಡ್ತೀನಿ" ಎಂದು ಮಾತು ಕೊಟ್ಟೆ.

ಅಪ್ಪನಿಗೆ ಹೇಳಿದಾಗ ಅವರು ಎಲೆಯಡಿಕೆ ಜಗಿಯುವುದನ್ನು ನಿಲ್ಲಿಸಿದರು. "ಮೂರು ತಲೆಮಾರಿಂದ ಕಿತ್ತು ಬಿಸಾಕ್ತಿರದನ್ನ ನೀನು ತಂದು ನೆಡ್ತಿಯೇನೋ?" ಮಗುವಿನ ಗಲ್ಲದ ಹೊಲಿಗೆ ನೋಡಿ ಸ್ವಲ್ಪ ಮೆತ್ತಗಾದರು. ಆಮೇಲೆ ತೀರ್ಪು ಕೊಟ್ಟರು: "ಆಯ್ತು. ಹಣ್ಣು ಕುಯ್ಯೋ ಹೊತ್ತಿಗೆ ಇದು ಹಸುರಾಗಿ ನಿಂತಿದ್ರೆ ನಿಂದು. ಇಲ್ದಿದ್ರೆ ದಿಮ್ಮಸು ಹಾಕಿ ಸಗಣಿ ಸಾರುಸ್ತೀನಿ. ಆಗ ಅಡ್ಡ ಬರಂಗಿಲ್ಲ." ಇದೇ ಮಾತನ್ನು ಅವರದೇ ದನಿಯಲ್ಲಿ ಸೌಮ್ಯಳಿಗೆ ಹೇಳಿ ತೋರಿಸಿದೆ. ಅವಳು ನಗಲಿಲ್ಲ. "ಮಾವ ಹೇಳಿದ್ರೆ ಮಾಡ್ತಾರೆ, ನೀವು ಬರೀ ಹೇಳ್ತೀರ" ಅಂದಳು.

ಕಣ ಅಗೆಸಿದೆ. ಮೇಲೆ ಹರಡಲು ಒಳ್ಳೆಯ ಮಣ್ಣು ಬೇಕಲ್ಲ. ನಮ್ಮ ಬುದ್ಧಿಗೆ ಒಳ್ಳೆಯ ಮಣ್ಣು ಎಂದರೆ ಒಂದೇ, ಕಾಫಿ ಗಿಡದ ಬುಡದ್ದು, ಎಲೆ ಕೊಳೆತು ಕಪ್ಪಗೆ ಪುಡಿಪುಡಿಯಾಗಿರುವುದು. ಅಪ್ಪ ಯಸಳೂರಿಗೆ ಮದುವೆಗೆ ಹೋದ ದಿನ ನೋಡಿಕೊಂಡು ತೋಟದಿಂದಲೇ ಟ್ರ್ಯಾಕ್ಟರಿನಲ್ಲಿ ಮಣ್ಣು ತರಿಸಿ ಸುರಿಸಿದೆ. ಬೇರೆ ಊರಿನವನಾಗಿದ್ದರೆ ಎಲ್ಲಿಂದಲೋ ಕೆಮ್ಮಣ್ಣು ತಂದು ಬಚಾವಾಗುತ್ತಿದ್ದ. ಹುಲ್ಲು ಚಿಗುರುವ ಮೊದಲೇ ಅದರಲ್ಲಿ ಕಾಫಿ ಚಿಗುರಿತು. ಗಿಡದ ಬುಡದ ಮಣ್ಣಲ್ಲವೆ, ಉದುರಿದ ಹಣ್ಣುಗಳೆಲ್ಲ ಅದರಲ್ಲೇ ಇದ್ದವು. ಒಂದು ಮುಂಜಾನೆ ನೋಡಿದರೆ ಹುಲ್ಲಿನ ನಡುನಡುವೆ ಕಾಫಿ ಬೀಜವನ್ನೇ ಟೋಪಿಯಂತೆ ತಲೆಯ ಮೇಲೆ ಹೊತ್ತು ಸಣ್ಣ ಸಣ್ಣ ಸಸಿಗಳು, ಕರೆಯದೆ ಬಂದ ಪೋಲೀಸಿನವರ ಹಾಗೆ, ಅಲ್ಲೊಂದು ಇಲ್ಲೊಂದು ನಿಂತಿದ್ದವು.

ಅವನ್ನು ಕೀಳಬೇಕು. ಲಾನಿನ ದೃಷ್ಟಿಯಿಂದ ಅವು ಕಳೆ. ಆದರೆ ನಮ್ಮ ವಂಶದಲ್ಲಿ ಯಾರೂ ಜೀವ ಇರುವ ಕಾಫಿ ಸಸಿಯನ್ನು ಕಿತ್ತು ಎಸೆದದ್ದಿಲ್ಲ. ಮೊದಲನೆಯದಕ್ಕೆ ಕೈ ಹಾಕುವ ಮುಂಚೆ ಎಡಕ್ಕೆ ನೋಡಿದೆ, ಬಲಕ್ಕೆ ನೋಡಿದೆ, ಕೋಳಿ ಕದಿಯುವವನ ಹಾಗೆ ಕಿತ್ತು ಜೇಬಿಗೆ ಹಾಕಿಕೊಂಡೆ. ನಾಲ್ಕೈದು ಕಿತ್ತ ಮೇಲೆ ಮನಸ್ಸಾಗಲಿಲ್ಲ. 'ಹುಲ್ಲು ಬಲಿತರೆ ಇವೇ ಸಾಯುತ್ತವೆ' ಎಂದು ಆ ಪಾಪವನ್ನು ಹುಲ್ಲಿಗೆ ವಹಿಸಿ ಸುಮ್ಮನಾದೆ.

ಹುಲ್ಲು ಬಲಿಯಲು ಒಪ್ಪಲಿಲ್ಲ. ಅದಕ್ಕೆ ನಮ್ಮೂರ ಮಳೆ ಹಿಡಿಸಲಿಲ್ಲ, ಮಳೆ ಬಿಟ್ಟರೆ ಬಿಸಿಲು ಹಿಡಿಸಲಿಲ್ಲ. ಆದರೂ ಬೆಳಗಿನ ಏಳು ಗಂಟೆಗೆ ಮಾತ್ರ ನನ್ನ ಲಾನು ಪರಿಪೂರ್ಣ. ಆ ಹೊತ್ತಿಗೆ ಮಂಜು ಗುಡ್ಡ ಇಳಿದು ಬಂದು ಅಂಗಳದಲ್ಲಿ ಕಾಲು ಚಾಚಿರುತ್ತದೆ. ಕೆಳಗೆ ಹುಲ್ಲಿದೆಯೋ ಇಲ್ಲವೋ ಯಾರಿಗೂ ಗೊತ್ತಾಗುವುದಿಲ್ಲ. ಜಗಲಿಯ ಮೇಲೆ ಕಾಫಿ ಲೋಟ ಹಿಡಿದು ಕೂತರೆ, ಎದುರಿಗೆ ಅಂಚೇ ಇಲ್ಲದ ಬೆಳ್ಳನೆಯ ಬಯಲು. ಅದರಲ್ಲಿ ಸಿರಿಯ ಕೆಂಪು ಕುಲಾವಿ ಒಂದೇ ತೇಲುತ್ತಾ ಹೋಗುತ್ತದೆ, ನಿಲ್ಲುತ್ತದೆ, ಬಾಗುತ್ತದೆ, ಮಾಯವಾಗುತ್ತದೆ. ಸ್ವಲ್ಪ ಹೊತ್ತಿನ ಮೇಲೆ ಬೇರೆಲ್ಲೋ ಮೂಡುತ್ತದೆ. ನಾನು ಆ ಬಿಳಿ ಕುರ್ಚಿಯಲ್ಲಿ ಕೊನೆಗೂ ಕೂತಿದ್ದೇನೆ ಅನ್ನಿಸುತ್ತಿತ್ತು. ಕುಲಾವಿ ಅಷ್ಟು ಸಲ ಏಕೆ ಬಾಗುತ್ತಿದೆ ಎಂದು ಕೇಳಿಕೊಳ್ಳುವಷ್ಟು ಎಚ್ಚರ ನನ್ನಲ್ಲಿರಲಿಲ್ಲ. ಕನಸು ಕಾಣುವವನಿಗೆ ಮಗು ಬಾಗಿದರೆ ಹೂ ಆಯುತ್ತಿದೆ ಎಂದೇ ಕಾಣುತ್ತದೆ.

ಇನ್ನು ತಾಯಮ್ಮನ ವಿಷಯ ಹೇಳಬೇಕು. ತಾಯಮ್ಮ ನಾನು ಹುಟ್ಟುವ ಮೊದಲಿಂದ ನಮ್ಮ ತೋಟಕ್ಕೆ ಬರುವ ಹೆಂಗಸು. ಮನೆಯ ಪಕ್ಕದಲ್ಲಿ ಪ್ಲಾಸ್ಟಿಕ್ ಪ್ಯಾಕೆಟ್ಟಿನಲ್ಲಿ ಬೆಳೆಸುವ ಕಾಫಿ ಸಸಿಗಳ ಕಳೆ ಕೀಳುವುದು ಅವಳ ಕೆಲಸ. ಅದನ್ನು ಅವಳು ಮಾಡುವ ರೀತಿ ನೋಡಬೇಕು. ಕುಕ್ಕರಗಾಲಿನಲ್ಲಿ ಕೂತರೆ ಏಳುವುದೇ ಇಲ್ಲ, ಕೂತಲ್ಲೇ ಬಾತುಕೋಳಿಯಂತೆ ಸರಿಯುತ್ತಾಳೆ. ಎಡಗೈ ಸಸಿಗೆ ಕೊಡೆ ಹಿಡಿದ ಹಾಗೆ ಅಡ್ಡ ಇರುತ್ತದೆ. ಬಲಗೈ ಹುಲ್ಲಿನ ಬುಡ ಹಿಡಿದು ಒಂದು ತಿರುವು ತಿರುವಿ ಬೇರು ಸಮೇತ ಎಳೆಯುತ್ತದೆ. ಬೇರಿನ ಮಣ್ಣನ್ನು ಎಡಗೈ ಬಳೆಗೆ ತಟ್ಟಿ ಉದುರಿಸಿ, ಹುಲ್ಲನ್ನು ಭುಜದ ಮೇಲಿಂದ ಹಿಂದಕ್ಕೆ ಎಸೆಯುತ್ತಾಳೆ. ಎಸೆಯುವಾಗ ಪ್ರತಿ ಸಲವೂ, "ಹೋಗವ್ವ ಹೋಗು, ನಿಮ್ಮನೆಗ್ ಹೋಗು" ಅನ್ನುತ್ತಾಳೆ.

ಸಿರಿಗೆ ಊಟ ಮಾಡಿಸುವುದು ನನ್ನ ಪಾಲಿನ ಕೆಲಸ. ತಾಯಮ್ಮನನ್ನು ಮಾಡಿ ತೋರಿಸದಿದ್ದರೆ ಒಂದು ತುತ್ತೂ ಇಳಿಯುತ್ತಿರಲಿಲ್ಲ. ನಾನು ಅಡುಗೆಮನೆಯಲ್ಲಿ ಕುಕ್ಕರಗಾಲಿನಲ್ಲಿ ಕೂತು, ಇಲ್ಲದ ಹುಲ್ಲು ಕಿತ್ತು, ಇಲ್ಲದ ಬಳೆಗೆ ತಟ್ಟಿ, ಎಸೆದು, ಅವಳ ತೆರೆದ ಬಾಯಿಗೆ ಅನ್ನ ಹಾಕುತ್ತಿದ್ದೆ. ತಿಂಗಳಲ್ಲಿ ನನ್ನ ಮಂಡಿ ಸವೆಯಿತು, ಅವಳಿಗೆ ಪಾಠ ಬಾಯಿಪಾಠವಾಯಿತು. ಎಡಗೈ ಅಡ್ಡ ಹಿಡಿಯುವುದನ್ನಂತೂ ಅವಳು ನನಗಿಂತ ಚೆನ್ನಾಗಿ ಮಾಡುತ್ತಿದ್ದಳು. ನನಗೆ ಹೆಮ್ಮೆ. ವಂಶದಲ್ಲಿ ಕಲೆ ಮುಂದುವರಿಯಿತಲ್ಲ.

ಕಳೆ ಕೆಲಸಕ್ಕೆ ನಮ್ಮಲ್ಲಿ ಒಂದು ಪದ್ಧತಿ ಇದೆ. ಕೆಲಸ ಮುಗಿಯುವ ಹೊತ್ತಿಗೆ ಅಪ್ಪ ಕೈ ಹಿಂದೆ ಕಟ್ಟಿಕೊಂಡು ಸಾಲಿನ ಉದ್ದಕ್ಕೂ ಒಂದು ಸಲ ನಡೆಯುತ್ತಾರೆ. ಎಲ್ಲಾದರೂ ಹುಲ್ಲು ಉಳಿದಿದ್ದರೆ ಮಾತಾಡದೆ ಅಲ್ಲೇ ನಿಲ್ಲುತ್ತಾರೆ, ನಿಂತರೆ ಮತ್ತೆ ಕೀಳಬೇಕು. ಎಲ್ಲ ಸರಿಯಾಗಿದ್ದರೆ ಗಂಟಲು ಸರಿಮಾಡಿಕೊಂಡು, "ಹ್ಞೂಂ. ಕೈ ತೊಳ್ಕಳಿ" ಅನ್ನುತ್ತಾರೆ. ಅಷ್ಟಂದರೆ ಕೆಲಸ ಒಪ್ಪಿಗೆಯಾಯಿತು ಎಂದು ಅರ್ಥ. ಆಮೇಲೆ ಕಾಫಿ ಬರುತ್ತದೆ, ಬಿಸ್ಕತ್ತು ಬರುತ್ತದೆ. ಕೈ ತೊಳೆದ ಮೇಲೆ ಆ ಸಾಲಿನ ಬಗ್ಗೆ ಅಪ್ಪನೂ ತುಟಿ ಬಿಚ್ಚುವಂತಿಲ್ಲ.

ಮಧ್ಯಾಹ್ನ ಊಟವಾದ ಮೇಲೆ ನಾನು ಜಗಲಿಯ ಈಸಿಚೇರಿನಲ್ಲಿ ಮಗಳನ್ನು ನೋಡಿಕೊಳ್ಳುತ್ತಿದ್ದೆ. ಕಣ್ಣು ಮುಚ್ಚಿ ನೋಡಿಕೊಳ್ಳುತ್ತಿದ್ದೆ ಎಂದು ಸೌಮ್ಯ ಹೇಳುತ್ತಾಳೆ. ದೂರದಲ್ಲಿ ಹೆದ್ದಾರಿಯ ಲಾರಿಗಳ ಸದ್ದು ಜೋಗುಳದಂತೆ ಏರಿ ಇಳಿಯುತ್ತಿತ್ತು. ಆ ಅರೆನಿದ್ದೆಯಲ್ಲಿ ನನ್ನ ಲಾನು ಬೆಳೆದು ಗೇಟು ದಾಟಿ, ರಸ್ತೆ ದಾಟಿ, ಗುಡ್ಡವೇರಿ ಮೋಡದೊಳಗೆ ಹೋಗುತ್ತಿತ್ತು. ನಾನು ಬರಿಗಾಲಿನಲ್ಲಿ ಅದರ ಹಿಂದೆ ನಡೆಯುತ್ತಿದ್ದೆ. ಅಷ್ಟರಲ್ಲಿ ಯಾರೋ ಪಂಚೆ ಎಳೆಯುತ್ತಿದ್ದರು. ಅರ್ಧ ಕಣ್ಣು ಬಿಟ್ಟರೆ, ಮೂಗಿನ ಹತ್ತಿರವೇ ಎರಡು ಪುಟ್ಟ ಅಂಗೈ, ತುಂಬ ಮಣ್ಣು. "ಕೈ" ಅನ್ನುತ್ತಿದ್ದಳು ಸಿರಿ. ತಾಯಮ್ಮನ ಜೊತೆ ಪ್ಯಾಕೆಟ್ಟಿನ ಹತ್ತಿರ ಆಡಿ ಬಂದಿರಬೇಕು ಎಂದುಕೊಂಡು, ಆಟಕ್ಕೆ ಆಟ ಸೇರಿಸಿ, ಅಪ್ಪನ ಹಾಗೆ ಗಂಟಲು ಸರಿಮಾಡಿಕೊಂಡು, "ಹ್ಞೂಂ. ಕೈ ತೊಳ್ಕಳವ್ವ" ಅನ್ನುತ್ತಿದ್ದೆ. ಪಕ್ಕದ ಡಬ್ಬಿಯಿಂದ ಒಂದು ಬಿಸ್ಕತ್ತು ಕೊಟ್ಟು ಮತ್ತೆ ಮೋಡದ ಕಡೆಗೆ ನಡೆಯುತ್ತಿದ್ದೆ. ಹೀಗೆ ಎಷ್ಟು ದಿನ ನಡೆಯಿತೋ ಲೆಕ್ಕವಿಟ್ಟಿಲ್ಲ. ಡಬ್ಬಿ ಎರಡು ಸಲ ಖಾಲಿಯಾದದ್ದು ನೆನಪಿದೆ.

ಇತ್ತ ಗೇಟಿನ ಕಡೆಯಿಂದ ಲಾನು ಬೋಳಾಗುತ್ತಾ ಬರತೊಡಗಿತು. ನಮ್ಮ ಸೋದರಮಾವನ ತಲೆ ಹೀಗೇ ಹಣೆಯ ಕಡೆಯಿಂದ ಶುರುವಾಗಿತ್ತು. ನರ್ಸರಿಯವನಿಗೆ ಫೋನ್ ಮಾಡಿ ಫೋಟೋ ಕಳಿಸಿದೆ. ಆತ ದೊಡ್ಡಾಸ್ಪತ್ರೆ ಡಾಕ್ಟರರ ಗಾಂಭೀರ್ಯದಲ್ಲಿ, "ಬೇರುಹುಳ ಸಾರ್. ಬೇವಿನಹಿಂಡಿ ಹಾಕಿ. ನೀರು ಜಾಸ್ತಿ ಬೇಡ, ಕಮ್ಮೀನೂ ಬೇಡ. ಮನೇಲಿ ಸಣ್ಣ ಮಕ್ಕಳಿದಾವಾ?" ಅಂದ. "ಒಂದಿದೆ, ನಮ್ಮದು ಬಹಳ ಸಾಧು" ಅಂದೆ. ಬೇವಿನಹಿಂಡಿ ಹಾಕಿದೆ. ಬೋಳು ಇನ್ನೊಂದು ಮೊಳ ಮುಂದೆ ಬಂತು. ಆಮೇಲೆ ಅಪ್ಪನ ಮೇಲೆ ಅನುಮಾನ ಬಂತು. ಕಣ ವಾಪಸ್ಸು ಬೇಕಾದವರು ಅವರು ತಾನೆ. ಎರಡು ದಿನ ಬೆಳಗ್ಗೆ ಕಿಟಕಿಯ ಹಿಂದೆ ನಿಂತು ಕಾದೆ. ಅಪ್ಪ ಅಂಗಳಕ್ಕೆ ಬಂದರು, ಬಾಯಿ ಮುಕ್ಕಳಿಸಿದರು, ಹುಲ್ಲನ್ನು ತುಳಿಯದೆ ಅಂಚಿನಲ್ಲೇ ಸುತ್ತಿ ಹೋದರು. ಅಷ್ಟು ಮರ್ಯಾದೆಯನ್ನು ಅವರು ನನಗೂ ಕೊಟ್ಟದ್ದಿಲ್ಲ. ನನಗೆ ನಾಚಿಕೆಯಾಯಿತು. ಸೌಮ್ಯ ಕೇಳಿದಾಗಲೆಲ್ಲ ನರ್ಸರಿಯವನ ದನಿಯಲ್ಲಿ "ಬೇರುಹುಳ ಮೇಡಂ" ಎಂದು ಹೇಳಿ ಕಾಲ ತಳ್ಳಿದೆ. ಅವಳು ಒಂದು ಸಲ ಮಾತ್ರ, "ನಿಮ್ಮ ಲಾನಿಗಿಂತ ನಂಗೆ ಆ ಗಲ್ಲದ್ದೇ ಯೋಚ್ನೆ. ಮತ್ತೆ ದಿಮ್ಮಸು ಹಾಕಿದ್ರೆ ಅದೇ ಕಲ್ಲಾಗತ್ತೆ" ಅಂದಳು. ಆಗ ಯಾರ ದನಿಯೂ ನನಗೆ ಒದಗಿ ಬರಲಿಲ್ಲ.

ಒಂದು ಮಧ್ಯಾಹ್ನ ನೊಣವೊಂದರ ಕೃಪೆಯಿಂದ ಬೇಗ ಎಚ್ಚರವಾಯಿತು. ಅಂಗಳದ ನಡುವೆ, ಬಿಸಿಲಿನಲ್ಲಿ, ತಾಯಮ್ಮ ಕೂತಿದ್ದಳು. ಎಷ್ಟೋ ದೂರದಿಂದ ನೋಡಿದ ಹಾಗೆ ಪುಟಾಣಿ ತಾಯಮ್ಮ. ಸೊಂಟಕ್ಕೆ ನನ್ನ ಟವೆಲ್ ಸಿಕ್ಕಿಸಿದ್ದಳು. ಎಡಗೈ ಒಂದು ಕಾಫಿ ಸಸಿಗೆ ಕೊಡೆ ಹಿಡಿದಿತ್ತು, ಬಲಗೈ ಹಾಸನದ ಹುಲ್ಲನ್ನು ತಿರುವಿ ಎಳೆಯಿತು, ಬಳೆಗೆ ತಟ್ಟಿತು, ಭುಜದ ಮೇಲಿಂದ ಹಿಂದಕ್ಕೆ ಎಸೆಯಿತು. "ಓಗವ್ವ ಓಗು." ಬಾತುಕೋಳಿಯಂತೆ ಒಂದು ಗೇಣು ಸರಿದಳು. ತಂದೆಯಾದವನು ಆಗ ಓಡಿ ಹೋಗಿ ತಡೆಯಬೇಕು. ಆದರೆ ನನ್ನೊಳಗಿನ ಕಲಾವಿದ ಎದ್ದು ನಿಂತಿದ್ದ. ಆ ತಟ್ಟುವಿಕೆಯ ಲಯ, ಆ ಕತ್ತಿನ ಓರೆ, ಇಷ್ಟು ವರ್ಷ ಮಾಡಿಯೂ ನನಗೆ ಒಲಿದಿರಲಿಲ್ಲ. ಕೂತಲ್ಲೇ ಪೂರ್ತಿ ನೋಡಿದೆ. ಅವಳು ಎದ್ದು ಬಂದು "ಕೈ" ಅಂದಳು. ದೇವರಾಣೆ, ಬಾಯಿ ತಾನಾಗಿಯೇ "ಹ್ಞೂಂ. ಕೈ ತೊಳ್ಕಳವ್ವ" ಅಂದುಬಿಟ್ಟಿತು. ಆ ದಿನ ಎರಡು ಬಿಸ್ಕತ್ತು ಕೊಟ್ಟೆ. ಮರುದಿನದಿಂದಾದರೂ ತಡೆಯಬಹುದಿತ್ತು. ತಡೆದರೆ ಸೌಮ್ಯಳಿಗೆ ಕಾರಣ ಹೇಳಬೇಕು. ಬೇರುಹುಳಕ್ಕೆ ಇಷ್ಟು ದಿನ ಊಟ ಮಾಡಿಸಿದವನು ನಾನೇ ಎಂದು ಯಾವ ಬಾಯಲ್ಲಿ ಹೇಳಲಿ?

ಹಣ್ಣು ಕುಯ್ಯುವ ವಾರ ಬಂತು. ಅಪ್ಪ ಬೆಳಗ್ಗೆ ದಿಮ್ಮಸನ್ನು ಹೆಗಲ ಮೇಲಿಟ್ಟುಕೊಂಡು ಬಂದರು. ಹಿಂದೆ ಸಗಣಿ ಬಕೆಟ್ ಹಿಡಿದು ತಾಯಮ್ಮ. ಸೌಮ್ಯ ಜಗಲಿಯ ಕಂಬ ಹಿಡಿದು ನಿಂತಿದ್ದಳು. ಮಂಜು ಇನ್ನೂ ಅಂಗಳ ಬಿಟ್ಟಿರಲಿಲ್ಲ. ಇವತ್ತೊಂದು ದಿನ ಏಳಬೇಡ ಮಾರಾಯ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಅದು ನಿಧಾನವಾಗಿ, ಸಭೆಯಿಂದ ಏಳುವ ದೊಡ್ಡವರ ಹಾಗೆ, ಎದ್ದು ಹೊರಟೇಬಿಟ್ಟಿತು. ಜಗಲಿಯ ಬುಡದಲ್ಲಿ, ನನ್ನ ಕುರ್ಚಿಯ ಮುಂದೆ, ಒಂದು ಚಾಪೆಯಷ್ಟು ಹುಲ್ಲು ಉಳಿದಿತ್ತು. ಮಿಕ್ಕದ್ದೆಲ್ಲ ಕಪ್ಪು ಮಣ್ಣು. ಆ ಮಣ್ಣಿನಲ್ಲಿ ಅಲ್ಲಲ್ಲಿ ಕಾಫಿ ಸಸಿಗಳು, ಒಂದೊಂದರ ಬುಡವೂ ಸ್ವಚ್ಛ, ಎಲೆಗಳು ಈಗ ತಾನೆ ಎಣ್ಣೆ ಹಚ್ಚಿದ ಹಾಗೆ ಹೊಳೆಯುತ್ತಿದ್ದವು.

ಅಪ್ಪ ದಿಮ್ಮಸನ್ನು ಕೆಳಗಿಡಲಿಲ್ಲ. ಹಾಗೇ ಕುಕ್ಕರಗಾಲಿನಲ್ಲಿ ಕೂತು ಒಂದು ಸಸಿಯ ಎಲೆ ಮುಟ್ಟಿದರು. "ಇದ್ರ ಕಳೆ ಯಾರೇ ಕಿತ್ತಿದ್ದು ತಾಯಮ್ಮ? ನೀನಾ?"

"ನಾನ್ಯಾಕಯ್ಯ ಅಂಗಳಕ್ ಬರ್ಲಿ. ಆದ್ರೂವೆ..." ತಾಯಮ್ಮ ಬಗ್ಗಿ ನೋಡಿದಳು. "ಬೇರು ಸಮೇತ ಬಂದೈತೆ. ಸಸೀಗೊಂದು ಗಾಯ ಇಲ್ಲ. ಕೈ ನಂದೇ ಇದ್ದಂಗೈತೆ."

ಸಿರಿಗೆ ಸಭೆ ಸೇರಿದ್ದು ಸಾಕಾಯಿತು. ಎಲ್ಲರ ನಡುವೆ ಹೋಗಿ ಕೂತಳು, ಎಡಗೈ ಅಡ್ಡ ಹಿಡಿದಳು, ಒಂದು ಹುಲ್ಲು ಕಿತ್ತಳು, ತಟ್ಟಿದಳು, ಎಸೆದಳು. "ಓಗವ್ವ ಓಗು." ತಾಯಮ್ಮ ಬಾಯಿಗೆ ಸೆರಗು ಹಿಡಿದುಕೊಂಡಳು. ಅಪ್ಪ ಮೊಮ್ಮಗಳ ಕಡೆ ತಿರುಗಿ, "ನೀನು ಕೀಳುವಾಗ ನಿಮ್ಮಪ್ಪ ಎಲ್ಲಿದ್ನವ್ವ?" ಅಂದರು. ಸಿರಿ ಎದ್ದು ಜಗಲಿ ಹತ್ತಿದಳು. ಈಸಿಚೇರಿಗೆ ಏರಿ ಅಂಗಾತ ಮಲಗಿದಳು. ಒಂದು ಕಾಲು ಕೆಳಗೆ ಬಿಟ್ಟು, ಬಾಯಿ ತೆರೆದು, ಗೊರಕೆ ಹೊಡೆದಳು. ಕಣ್ಣು ಮುಚ್ಚಿಕೊಂಡೇ ಗಂಟಲು ಸರಿಮಾಡಿಕೊಂಡು, "ಹ್ಞೂಂ. ಕೈ ತೊಕ್ಕವ್ವ" ಅಂದು, ಗಾಳಿಯಲ್ಲಿ ಇಲ್ಲದ ಬಿಸ್ಕತ್ತೊಂದನ್ನು ಚಾಚಿದಳು. ಊರಿನವರನ್ನೆಲ್ಲ ಅಣಕಿಸಿದವನಿಗೆ ತನ್ನನ್ನು ನೋಡಿಕೊಳ್ಳುವ ಭಾಗ್ಯ ಇಷ್ಟು ವರ್ಷ ಬಂದಿರಲಿಲ್ಲ. ಆ ಇಳಿಬಿದ್ದ ಕಾಲು ನನ್ನದೇ. ಒಂದು ತಪ್ಪೂ ಹುಡುಕಲಾಗಲಿಲ್ಲ.

ಸೌಮ್ಯ ನಗುತ್ತಿದ್ದಳೋ ಏನೋ, ಮುಖ ಕಂಬದ ಹಿಂದಿತ್ತು. "ಬೇರುಹುಳ ಅಂದ್ರಲ್ಲ ರೀ" ಎಂದು ಮಾತ್ರ ಕೇಳಿಸಿತು.

ಅಪ್ಪ ಎದ್ದು ದಿಮ್ಮಸನ್ನು ಗೋಡೆಗೆ ಒರಗಿಸಿದರು. "ಕಾಫಿ ಸಸಿ ಮ್ಯಾಲೆ ದಿಮ್ಮಸು ಹಾಕಕಾಯ್ತದೇನೋ? ಈ ವರ್ಷ ಸ್ಟೋರ್ ಮುಂದಿನ ಸಿಮೆಂಟ್ ಕಣದಾಗೇ ಒಣಗ್ಲಿ. ಇವು ಇಲ್ಲೇ ಬೆಳೀಲಿ, ಮಳೆಗೆ ಕಿತ್ತು ನೆಡನ" ಅಂದರು. ಆ ಹೊತ್ತಿಗೆ ಸಿರಿ ಜಗಲಿಯಿಂದ ಹಾರಿ ಓಡಿದವಳು ಅಂಗಳದ ನಡುವೆ ದೊಪ್ಪನೆ ಮುಖ ಅಡಿಯಾಗಿ ಬಿದ್ದಳು. ಎದ್ದಳು, ಗಲ್ಲದ ತುಂಬ ಕಪ್ಪು ಮಣ್ಣು, ಒಂದು ಗೀರೂ ಇಲ್ಲ. ಸೌಮ್ಯ ಅಂಗಳಕ್ಕಿಳಿದು ಹಿಮ್ಮಡಿಯಿಂದ ನೆಲ ಕುಟ್ಟಿ ನೋಡಿದಳು, ಹಿಮ್ಮಡಿ ಮಣ್ಣಿನಲ್ಲಿ ಹೂತಿತು. ಅವಳ ಮುಖ ಆ ಮಣ್ಣಿನಷ್ಟೇ ಮೆತ್ತಗಾಯಿತು.

ಅಪ್ಪನಿಗೆ ಸಸಿ ಸಿಕ್ಕಿತು, ಸೌಮ್ಯಳಿಗೆ ಮೆತ್ತನೆಯ ನೆಲ ಸಿಕ್ಕಿತು. ನಾನೊಬ್ಬನೇ ಚಾಪೆಯಷ್ಟು ಹುಲ್ಲಿನ ಪಕ್ಕ ನಿಂತಿದ್ದೆ. ಬಸ್ಸು ತಿರುವು ದಾಟಿ ಹೋದ ಹಾಗಿತ್ತು. ತಡೆಯಲಾರದೆ, "ಎಲ್ಲ ಸರಿ, ನನ್ನ ಲಾನು ಹೋಯ್ತಲ್ಲ, ಅದನ್ನ ಯಾರ್ ಕೊಡ್ತಾರೆ?" ಅಂದೆ. ನನ್ನದೇ ದನಿಯಲ್ಲಿ ಅಂದದ್ದರಿಂದಲೋ ಏನೋ ಅದಕ್ಕೆ ತೂಕವೇ ಇರಲಿಲ್ಲ.

ತಾಯಮ್ಮ ಸಗಣಿ ಬಕೆಟ್ ಎತ್ತಿಕೊಂಡು, ಹೊರಟವಳು ನಿಂತು, ತಿರುಗಿ ಹೇಳಿದಳು: "ಕೆಲ್ಸ ಒಪ್ಪಿಗೆ ಇಲ್ದಿದ್ರೆ ಬಿಸ್ಕತ್ ಯಾಕ್ ಕೊಟ್ರಿ ಅಣ್ಣಯ್ಯ? ಕೈ ತೊಳ್ಕಂಡಾಯ್ತು, ಇನ್ನು ಆ ಸಾಲಿನ ಮಾತೆತ್ತಂಗಿಲ್ಲ."